ಲಾಗ್‌ನಲ್ಲಿ ಎಂಟ್ರಿ ಸಿಗದಿದ್ದರೆ ತಪ್ಪು ಯಾರದ್ದು?

ಪ್ರಶ್ನೆ: ನಮಸ್ತೆ ಸರ್. ಉಡುಪಿಯ ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 60 ಮಂದಿ ಪಿಗ್ಮಿ ಕಲೆಕ್ಟರ್‌ಗಳಿದ್ದಾರೆ. ಹಗಲಿಡೀ ಮೊಬೈಲ್ ಆ್ಯಪ್‌ನಲ್ಲಿ ಎಂಟ್ರಿ ಮಾಡಿ, ಸಂಜೆ ನಮ್ಮ ಲಿನಕ್ಸ್ ಸರ್ವರ್‌ಗೆ ಅಪ್‌ಲೋಡ್ ಮಾಡುತ್ತಾರೆ. ಅಲ್ಲಿಂದ ರಾತ್ರಿ ಲೆಡ್ಜರ್‌ಗೆ ಹೋಗುತ್ತದೆ. ಕಳೆದ ತಿಂಗಳು ಗುಡುಗು ಮಳೆ ಬಂದ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾಗಿ ಸರ್ವರ್ ಆಫ್ ಆಯಿತು. ನಾಲ್ಕು ಗಂಟೆಗೆ ಮತ್ತೆ ಆನ್ ಮಾಡಿದೆ. ಆ ರಾತ್ರಿ ಉಳಿದ ಎಲ್ಲರ ಎಂಟ್ರಿಯೂ ಲೆಡ್ಜರ್‌ಗೆ ಬಂತು. ಕೋಡ್ 1047ರ ಕಲೆಕ್ಟರ್ ಅಕ್ಕನದ್ದು ಮಾತ್ರ ಬರಲಿಲ್ಲ. ಸಂಜೆ ಏಳೂಕಾಲಕ್ಕೆ ಅಪ್‌ಲೋಡ್ ಮಾಡಿದ್ದೇನೆ, ಹಸಿರು ಟಿಕ್ ಬಂದಿತ್ತು ಅನ್ನುತ್ತಾರೆ ಅವರು. ಮರುದಿನ ಬೆಳಿಗ್ಗೆ ಹಣ ಪೂರ್ತಿ ಕಟ್ಟಿದ್ದಾರೆ. ಆದರೆ ಹಿಂದಿನ ದಿನದ ಎಂಟ್ರಿ ಮುಚ್ಚಿಟ್ಟು ಹಣವನ್ನು ಒಂದು ರಾತ್ರಿ ಕೈಯಲ್ಲಿಟ್ಟುಕೊಂಡಿದ್ದರು ಅಂತ ಮ್ಯಾನೇಜರ್ ನೋಟಿಸ್ ಕೊಡಲು ಹೊರಟಿದ್ದಾರೆ.

ಸರ್ವರ್ ತನ್ನ ಕೆಲಸವನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಲಾಗ್ ಫೈಲ್ ಹುಡುಕಲು ನಾನೇ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ, ಜೊತೆಗೆ ಕಳಿಸಿದ್ದೇನೆ. ಒಂದೆರಡು ಮಾದರಿ ಸಾಲುಗಳೂ ಉಂಟು. ಆ ಸಂಜೆಗೆ 1047ರ ಒಂದೂ ಸಾಲು ಸಿಗಲಿಲ್ಲ. ಫೈಲ್ ಒಳಗೆ ಪದ ಹುಡುಕುವ ಗ್ರೆಪ್ ಕಮಾಂಡ್‌ನಲ್ಲಿ ‘19:1’ ಅಂತ ಸಮಯ ಹಾಕಿ ನೋಡಿದೆ, ಅದರಲ್ಲೂ ಇಲ್ಲ. ಬರೀ ಕೋಡ್ ಹಾಕಿದಾಗ ಸಂಜೆಯ ಸಾಲು ಬರುವ ಬದಲು ‘ಬೈನರಿ ಫೈಲ್’ ಅಂತ ಏನೋ ಬಂತು. ಫೈಲ್ ಹಾಳಾಗಿದೆ ಅಂದುಕೊಂಡು ಬಿಟ್ಟೆ. ಇನ್ನೊಂದು: 60 ಕೋಡ್‌ಗಳಿಗೂ ಒಂದು ತಿಂಗಳ 6 ಜಿಬಿ ಲಾಗ್ ಹುಡುಕಲು ನನ್ನ ಪ್ರೋಗ್ರಾಂಗೆ ಮುಕ್ಕಾಲು ಗಂಟೆ ಬೇಕು. ದುಬಾರಿ ಲಾಗ್ ಸಾಫ್ಟ್‌ವೇರ್ ಕೊಳ್ಳೋಣ ಅಂತಿದ್ದಾರೆ ಮ್ಯಾನೇಜರ್. ನನ್ನ ಪ್ರೋಗ್ರಾಂ ನಂಬಬಹುದಾ? ಅಕ್ಕನ ಮುಖ ನೋಡಿದರೆ ಸುಳ್ಳು ಹೇಳುವವರ ಹಾಗೆ ಕಾಣುವುದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ಮ್ಯಾನೇಜರ್ ಹತ್ತಿರ ಹೋಗಿ, ನೋಟಿಸ್ ಒಂದೆರಡು ದಿನ ತಡೆಹಿಡಿಯಿರಿ ಅಂತ ಹೇಳಿ. ನೀವು ಬರೆದಿರುವುದನ್ನು ಓದಿದರೆ, ಆ ಸಂಜೆಯ ಲಾಗ್ ಅನ್ನು ಇನ್ನೂ ಯಾರೂ ಪೂರ್ತಿ ಹುಡುಕಿಲ್ಲ. ನಿಮ್ಮ ಪ್ರೋಗ್ರಾಂ ಅರ್ಧಕ್ಕೇ ನಿಂತಿದೆ. ಸಮಯ ಹಾಕಿ ಹುಡುಕಿದ ಗ್ರೆಪ್ ತಪ್ಪು ಗಂಟೆಯಲ್ಲಿ ಹುಡುಕಿದೆ. ಕೋಡ್ ಹಾಕಿ ಹುಡುಕಿದ ಗ್ರೆಪ್ ಮಾತ್ರ ಸರಿಯಾಗಿಯೇ ಹುಡುಕಿ, ‘ಮ್ಯಾಚ್ ಇದೆ’ ಅಂತಲೇ ಹೇಳಿದೆ. ನೀವು ಬಿಟ್ಟುಬಿಟ್ಟಿರಲ್ಲ, ಆ ‘ಬೈನರಿ ಫೈಲ್’ ಸಾಲು, ಅದರ ಅರ್ಥವೇ ಅದು.

ಅದರಿಂದಲೇ ಶುರು ಮಾಡೋಣ. ಗ್ರೆಪ್ ಒಂದು ಫೈಲ್ ಓದುವಾಗ ಮಧ್ಯದಲ್ಲಿ ಅಕ್ಷರವಲ್ಲದ ಬೈಟ್‌ಗಳು ಕಂಡರೆ ಇದು ಬೈನರಿ ಫೈಲ್ ಇರಬೇಕು ಅಂತ ತಿಳಿಯುತ್ತದೆ. ಬೈನರಿ ಫೈಲಿನ ಸಾಲನ್ನು ಸ್ಕ್ರೀನ್ ಮೇಲೆ ಸುರಿದರೆ ಟರ್ಮಿನಲ್ ಕೆಡುತ್ತದೆ. ಹಾಗಾಗಿ ಸಾಲನ್ನು ತೋರಿಸುವ ಬದಲು ‘ಈ ಬೈನರಿ ಫೈಲ್‌ನಲ್ಲಿ ಮ್ಯಾಚ್ ಇದೆ’ ಅನ್ನುವ ಒಂದು ಸಂದೇಶ ಕೊಟ್ಟು ಮುಗಿಸುತ್ತದೆ. ಮ್ಯಾಚ್ ಇಲ್ಲದಿದ್ದರೆ ಆ ಸಂದೇಶ ಬರುವುದೇ ಇಲ್ಲ. ಅಂದರೆ ಕೆಟ್ಟ ಜಾಗದ ಆಚೆ ಎಲ್ಲೋ 1047 ಅನ್ನುವ ಅಂಕೆ ಉಂಟು. ಅದು ಅಕ್ಕನ ಅಪ್‌ಲೋಡೇ ಅಂತ ಈಗಲೇ ಹೇಳಲಾಗದು. ಯಾರದ್ದೋ ಫೋನ್ ನಂಬರಿನ ನಡುವೆಯೂ 1047 ಬರಬಹುದು. ಆದರೆ ನೋಡದೆ ಬಿಡುವ ಹಾಗಿಲ್ಲ.

ನೋಡುವುದು ಸುಲಭ. ಗ್ರೆಪ್‌ಗೆ ಹೈಫನ್ ಸ್ಮಾಲ್ ಎ ಆಯ್ಕೆ ಕೊಡಿ. ಏನೇ ಇದ್ದರೂ ಇದನ್ನು ಟೆಕ್ಸ್ಟ್ ಅಂತಲೇ ಓದು ಅಂತ ಅದರ ಅರ್ಥ. ಜೊತೆಗೆ ಸ್ಮಾಲ್ ಡಬ್ಲ್ಯೂ ಹಾಕಿದರೆ 1047 ಬಿಡಿಯಾಗಿ ನಿಂತ ಸಾಲು ಮಾತ್ರ ಬರುತ್ತದೆ, 10470 ಆಗಲಿ 21047 ಆಗಲಿ ಬರುವುದಿಲ್ಲ. ಕ್ಯಾಪಿಟಲ್ ಐ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಅದು ಬೈನರಿ ಅನ್ನಿಸಿದ ಫೈಲಿನಲ್ಲಿ ಏನೂ ಮ್ಯಾಚ್ ಇಲ್ಲ ಅಂತಲೇ ಲೆಕ್ಕ ಹಿಡಿಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ರೆಡಿ ಸ್ಕ್ರಿಪ್ಟ್‌ಗಳಲ್ಲಿ ಅದು ಸೇರಿಕೊಂಡಿರುತ್ತದೆ.

ಟೆಕ್ಸ್ಟ್ ಲಾಗ್‌ನಲ್ಲಿ ಇಂಥ ಬೈಟ್ ಬಂದದ್ದು ಹೇಗೆ? ನಿಮ್ಮ ಮಧ್ಯಾಹ್ನದ ಕರೆಂಟ್ ಕಥೆಯಲ್ಲೇ ಉತ್ತರ ಇದೆ. ಪ್ರೋಗ್ರಾಂ ಲಾಗ್‌ಗೆ ಬರೆದದ್ದು ಆ ಕ್ಷಣವೇ ಡಿಸ್ಕ್‌ಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಕೂತಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ, ಫೈಲಿನ ಉದ್ದ ಇಷ್ಟು ಅಂತ ಲೆಕ್ಕ ಬರೆದಾಗಿರುತ್ತದೆ, ಒಳಗಿನ ಅಕ್ಷರ ಮಾತ್ರ ಬಂದಿರುವುದಿಲ್ಲ. ಮತ್ತೆ ಆನ್ ಮಾಡಿ ಓದಿದಾಗ ಆ ಜಾಗದಲ್ಲಿ ಬರೀ ಸೊನ್ನೆ ಬೈಟ್‌ಗಳ ಸಾಲು ಸಿಗುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕದ ಲಾಗ್ ಫೈಲ್‌ಗಳಲ್ಲಿ ಇದು ಅಪರೂಪದ ವಿಷಯವೇನಲ್ಲ. ಮಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ಮಳೆಗಾಲದ ಲಾಗ್ ಅಂದರೆ ನಾನು ಆ ಸ್ಮಾಲ್ ಎ ಹಾಕದೆ ಹುಡುಕುವುದೇ ಇಲ್ಲ.

ಈಗ ನಿಮ್ಮ ಪೈಥಾನ್ ಪ್ರೋಗ್ರಾಂಗೆ ಬರೋಣ. ಸೊನ್ನೆ ಬೈಟ್ ಬಂದರೆ ಪೈಥಾನ್‌ಗೆ ತೊಂದರೆ ಇಲ್ಲ, ಓದಿಕೊಂಡು ಮುಂದೆ ಹೋಗುತ್ತದೆ. ಅದು ನಿಲ್ಲುವುದು ಅರ್ಧ ಅಕ್ಷರಕ್ಕೆ. ನಿಮ್ಮ ಲಾಗ್‌ನಲ್ಲಿ ಗ್ರಾಹಕರ ಹೆಸರು ಕನ್ನಡದಲ್ಲಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಕ’ ಅಂದರೆ 224, 178, 149 ಈ ಮೂರು ಬೈಟ್‌ಗಳು. ಹೆಸರು ಬರೆಯುತ್ತಾ ಇರುವಾಗ 224, 178 ಡಿಸ್ಕ್‌ಗೆ ಇಳಿದು, 149 ಇಳಿಯುವ ಮೊದಲು ಕರೆಂಟ್ ಹೋಯಿತು ಅಂದುಕೊಳ್ಳಿ. ನಾಲ್ಕು ಗಂಟೆಗೆ ಸರ್ವರ್ ಆನ್ ಆಗಿ ಹೊಸ ಸಾಲು ಅದರ ಬೆನ್ನಿಗೇ ಅಂಟಿಕೊಂಡಿತು. ಪೈಥಾನ್ ಅಲ್ಲಿಗೆ ಬಂದಾಗ ‘ಈ ಬೈಟ್ ಬಿಡಿಸಲು ಆಗುತ್ತಿಲ್ಲ’ ಅಂತ ಎರರ್ ಕೊಡುತ್ತದೆ.

ಆ ಎರರ್ ನಿಮಗೆ ಕಾಣಲಿಲ್ಲ, ಯಾಕೆಂದರೆ ಅದನ್ನು ನುಂಗುವ ವ್ಯವಸ್ಥೆ ನಿಮ್ಮ ಪ್ರೋಗ್ರಾಂನಲ್ಲೇ ಇದೆ. ಫೈಲ್ ತೆರೆಯುವ ಸಾಲಿಗಿಂತ ಮೇಲೆ ‘ಟ್ರೈ’ ಇದೆ. ಕೆಳಗೆ ‘ಎಕ್ಸೆಪ್ಟ್’ ಹಾಕಿ, ಏನೇ ತಪ್ಪಾದರೂ ಸುಮ್ನೆ ಮುಂದಿನ ಫೈಲಿಗೆ ಹೋಗು ಅಂದಿದ್ದೀರಿ. ಫೈಲ್ ತೆರೆಯಲು ಆಗದಿದ್ದರೆ ಪ್ರೋಗ್ರಾಂ ನಿಲ್ಲಬಾರದು ಅನ್ನುವುದು ನಿಮ್ಮ ಉದ್ದೇಶ ಅಂತ ಕಾಣುತ್ತದೆ. ಆದರೆ ಆದದ್ದೇನು? ಆ ದಿನದ ಫೈಲ್‌ನಲ್ಲಿ ಮೊದಲ ಕೆಟ್ಟ ಬೈಟ್ ಸಿಕ್ಕ ಕೂಡಲೇ ಉಳಿದ ಫೈಲ್ ಪೂರ್ತಿ ಬಿಟ್ಟುಹೋಯಿತು. ಮಧ್ಯಾಹ್ನದ ನಂತರದ ಒಂದು ಸಾಲನ್ನೂ ಅದು ನೋಡಲಿಲ್ಲ. ಪೈಥಾನ್ ಫೈಲನ್ನು ತುಂಡು ತುಂಡಾಗಿ ಓದಿ ಬಿಡಿಸುವುದರಿಂದ ಕೆಟ್ಟ ಬೈಟ್‌ಗಿಂತ ಸ್ವಲ್ಪ ಮೊದಲಿನ ಸಾಲುಗಳೂ ಕೈತಪ್ಪಿರಬಹುದು. ಕೊನೆಗೆ ಸ್ಕ್ರೀನ್ ಮೇಲೆ ಬಂದದ್ದು ‘ಮ್ಯಾಚ್: 0’.

ಇದು ನಿಜವಾ ಅಂತ ಪರೀಕ್ಷಿಸಲು ಯಾವ ತಜ್ಞರೂ ಬೇಡ. ಆ ಸಂಜೆ ಉಳಿದ 59 ಮಂದಿಯ ಎಂಟ್ರಿ ಲೆಡ್ಜರ್‌ಗೆ ಬಂದಿದೆ ಅಲ್ವಾ? ಅಂದರೆ ಅವರ ಅಪ್‌ಲೋಡ್‌ನ ಸಾಲುಗಳು ಅದೇ ಫೈಲ್‌ನಲ್ಲಿ ಇರಲೇಬೇಕು. ನಿಮ್ಮ ಪ್ರೋಗ್ರಾಂನಲ್ಲಿ 1047ರ ಬದಲು ಬೇರೆ ಮೂರ್ನಾಲ್ಕು ಕೋಡ್ ಹಾಕಿ, ಅದೇ ದಿನದ ಸಂಜೆಯ ಸಾಲು ಬರುತ್ತದಾ ನೋಡಿ. ಅವರದ್ದೂ ಸೊನ್ನೆ ಬಂದರೆ ಪ್ರೋಗ್ರಾಂ ಆ ಸಂಜೆಯನ್ನು ಓದಿಯೇ ಇಲ್ಲ ಅಂತ ಸಾಬೀತಾಯಿತು. ಆ ಪ್ರಿಂಟ್‌ಔಟ್ ಒಂದನ್ನೇ ಮ್ಯಾನೇಜರ್ ಮುಂದಿಟ್ಟರೂ ಸಾಕು. ಯಾವುದನ್ನಾದರೂ ‘ಇಲ್ಲ’ ಅಂತ ಹೇಳುವ ಮೊದಲು, ಇದ್ದೇ ಇದೆ ಅಂತ ಗೊತ್ತಿರುವ ಒಂದನ್ನು ಅದೇ ಫೈಲಿನ ಅದೇ ಜಾಗದಲ್ಲಿ ಹುಡುಕಿ ತೋರಿಸಬೇಕು. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುವ ಅಭ್ಯಾಸ ಇದೊಂದೇ.

ಸಮಯದ ವಿಷಯ ಬೇಗ ಮುಗಿಸುತ್ತೇನೆ. ನೀವು ಕಳಿಸಿದ ಮಾದರಿ ಸಾಲಿನಲ್ಲಿ ಸಮಯದ ಕೊನೆಗೆ ಝಡ್ ಅಕ್ಷರ ಉಂಟು. ಅಂದರೆ ಸರ್ವರ್ ಬರೆಯುತ್ತಿರುವುದು ಯುಟಿಸಿ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಸಂಜೆ 7:15 ಅಲ್ಲಿ 13:45 ಆಗಿರುತ್ತದೆ. ನೀವು ಹುಡುಕಿದ 19:1 ಅಂದರೆ ನಮ್ಮ ನಡುರಾತ್ರಿ ಹನ್ನೆರಡೂ ನಲವತ್ತರಿಂದ ಹನ್ನೆರಡೂ ಐವತ್ತರ ನಡುವಿನ ಹೊತ್ತು. ಆಗ ಯಾರು ಅಪ್‌ಲೋಡ್ ಮಾಡುತ್ತಾರೆ? ಇದೇ ಲೆಕ್ಕದಲ್ಲಿ ನಮ್ಮ ಬೆಳಗಿನ 5:30ರ ಒಳಗಿನದ್ದೆಲ್ಲ ಲಾಗ್‌ನಲ್ಲಿ ಹಿಂದಿನ ತಾರೀಕಿಗೆ ಸೇರಿರುತ್ತದೆ. ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುವ ಕಡೆ ಆ್ಯಪ್ ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸಿ ತಡವಾಗಿ ಕಳಿಸಿರುವುದೂ ಉಂಟು. ಆದ್ದರಿಂದ ಸಮಯ ಹಾಕಿ ಹುಡುಕುವುದನ್ನೇ ಬಿಡಿ. ಕೋಡ್ ಮತ್ತು ರಸೀದಿ ನಂಬರ್ ಹಾಕಿ, ಆ ದಿನದ್ದರ ಜೊತೆ ಹಿಂದಿನ ಮತ್ತು ಮರುದಿನದ ಫೈಲನ್ನೂ ಹುಡುಕಿ. ಹಳೆಯ ಲಾಗ್ ಜಿಝಿಪ್ ಆಗಿ, ಅಂದರೆ ಒತ್ತಿ ಚಿಕ್ಕದಾಗಿ ಕೂತಿದ್ದರೆ ಝಡ್‌ಗ್ರೆಪ್ ಉಂಟು, ಬಿಚ್ಚುವ ಅಗತ್ಯ ಇಲ್ಲ.

ಪ್ರೋಗ್ರಾಂ ಸರಿ ಮಾಡುವುದು ಹೇಗೆ? ಒಂದು ದಾರಿ, ಫೈಲ್ ತೆರೆಯುವಾಗ ‘ಎರರ್ಸ್’ ಅನ್ನುವ ಜಾಗದಲ್ಲಿ ‘ರಿಪ್ಲೇಸ್’ ಕೊಡುವುದು. ಬಿಡಿಸಲಾಗದ ಬೈಟ್ ಇದ್ದಲ್ಲಿ ಒಂದು ಪ್ರಶ್ನಾರ್ಥಕ ಗುರುತು ಕೂತು ಓದು ಮುಂದುವರಿಯುತ್ತದೆ. ‘ಇಗ್ನೋರ್’ ಕೊಡುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಅದು ಕೆಟ್ಟ ಬೈಟನ್ನು ಸದ್ದಿಲ್ಲದೆ ಕಿತ್ತು ಎರಡು ಬದಿಯನ್ನು ಜೋಡಿಸಿಬಿಡುತ್ತದೆ, ಅಲ್ಲಿ ಏನೋ ಆಗಿತ್ತು ಅನ್ನುವ ಕುರುಹೇ ಉಳಿಯುವುದಿಲ್ಲ. ನನಗೆ ಇಷ್ಟವಾದ ದಾರಿ ಫೈಲನ್ನು ಬೈಟ್‌ಗಳಾಗಿಯೇ ಓದಿ ಬೈಟ್‌ಗಳನ್ನೇ ಹುಡುಕುವುದು. ಕೋಡ್, ರಸೀದಿ ನಂಬರ್ ಇಂಥವಕ್ಕೆ ಅಕ್ಷರ ಬಿಡಿಸುವ ಕೆಲಸವೇ ಬೇಡ, ವೇಗವೂ ಜಾಸ್ತಿ. ಯಾವುದೇ ದಾರಿ ಹಿಡಿದರೂ ಆ ‘ಎಕ್ಸೆಪ್ಟ್’ ತೆಗೆಯಿರಿ. ತೆಗೆಯಲು ಆಗದಿದ್ದರೆ ಫೈಲ್ ಹೆಸರು ಮತ್ತು ಎರರ್ ಎರಡನ್ನೂ ಪ್ರಿಂಟ್ ಮಾಡಿಸಿ. ಕೊನೆಗೆ ಎಷ್ಟು ಫೈಲ್, ಎಷ್ಟು ಸಾಲು, ಎಷ್ಟು ಬೈಟ್ ಓದಿತು ಅಂತ ಪ್ರೋಗ್ರಾಂ ಹೇಳಬೇಕು. ಡಿಸ್ಕ್‌ನಲ್ಲಿರುವ ಫೈಲಿನ ಗಾತ್ರಕ್ಕೆ ಆ ಬೈಟ್ ಲೆಕ್ಕ ತಾಳೆಯಾದರೆ ಮಾತ್ರ ‘ಸಿಗಲಿಲ್ಲ’ ಅನ್ನುವ ಮಾತಿಗೆ ತೂಕ.

ಗ್ರೆಪ್ ಬಳಸುವ ಶೆಲ್ ಸ್ಕ್ರಿಪ್ಟ್‌ಗೂ ಇದೇ ಮಾತು. ಗ್ರೆಪ್ ಮುಗಿಯುವಾಗ ಒಂದು ಅಂಕೆ ಬಿಟ್ಟು ಹೋಗುತ್ತದೆ. 0 ಅಂದರೆ ಸಿಕ್ಕಿತು, 1 ಅಂದರೆ ಸಿಗಲಿಲ್ಲ, 2 ಅಂದರೆ ಹುಡುಕಲು ಆಗಲೇ ಇಲ್ಲ. ಫೈಲ್ ಓದಲು ಅನುಮತಿ ಇಲ್ಲದಿದ್ದರೆ, ಹೆಸರು ತಪ್ಪಾಗಿದ್ದರೆ 2 ಬರುತ್ತದೆ. ಸೊನ್ನೆ ಬಂದಿಲ್ಲ ಅಂದಮೇಲೆ ಸಿಕ್ಕಿಲ್ಲ ಅಂತ 1 ಮತ್ತು 2 ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ಸ್ಕ್ರಿಪ್ಟ್‌ಗಳೇ ಜಾಸ್ತಿ. ಒಬ್ಬರ ಕೆಲಸದ ಪ್ರಶ್ನೆ ಇರುವಾಗ ಆ ಎರಡರ ನಡುವೆ ಆಕಾಶ ಭೂಮಿ ಅಂತರ.

ನೀವು ಮುಂದೆ ಗ್ರಾಹಕರ ಹೆಸರು ಹಾಕಿಯೂ ಹುಡುಕುತ್ತೀರಿ, ಅದಕ್ಕೆ ಈ ಮಾತು ಈಗಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕಣ್ಣಿಗೆ ಒಂದೇ ಕಾಣುವ ಎರಡು ಪದ ಒಳಗೆ ಬೇರೆ ಬೇರೆ ಇರಬಹುದು. ‘ಕೋಟ’ ಅನ್ನುವ ಊರನ್ನೇ ತಗೊಳ್ಳಿ. ಅದರ ‘ಕೋ’ದಲ್ಲಿರುವ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ಬಿಡಿ ಚಿಹ್ನೆ ಸೇರಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸರಿ ಅನ್ನುತ್ತದೆ, ಗ್ರೆಪ್‌ಗೆ ಮಾತ್ರ ಎರಡೂ ಬೇರೆ. ಪೈಥಾನ್‌ನ ‘ಯುನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅನ್ನುವ ಫಂಕ್ಷನ್ ಉಂಟು. ಹುಡುಕುವ ಪದ, ಓದಿದ ಸಾಲು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದು ಹೋಲಿಸಿದರೆ ಇದು ಬಗೆಹರಿಯುತ್ತದೆ. ‘ಕಾರ್‌ಸ್ಟ್ರೀಟ್’ ಅಂತ ಬರೆಯುವಾಗ ಅರ್ಕಾವತ್ತು ಆಗದ ಹಾಗೆ ನಡುವೆ ಕಾಣದ ಒಂದು ಅಕ್ಷರ ಕೂರುತ್ತದೆ. ಸೊನ್ನೆ ಅಗಲದ ನಾನ್-ಜಾಯ್ನರ್ ಅದು. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದ್ದು ಹಾಕುವುದಿಲ್ಲ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ, ನೀವೇ ಎರಡೂ ಕಡೆಯಿಂದ ತೆಗೆದು ಹೋಲಿಸಬೇಕು. ಯುನಿಕೋಡ್‌ಗಿಂತ ಮೊದಲಿನ ನುಡಿ, ಬರಹ ಫಾಂಟ್‌ಗಳ ಕಾಲದ ಹಳೆಯ ಡೇಟಾ ಇದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸದೆ ಹುಡುಕಿ ಪ್ರಯೋಜನ ಇಲ್ಲ.

ಇನ್ನೊಂದು ಮೋಸ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿದೆ, ಅಂದರೆ ಹುಡುಕಬೇಕಾದ ಪ್ಯಾಟರ್ನ್ ಬರೆಯುವ ಚಿಹ್ನೆಗಳ ಭಾಷೆಯಲ್ಲಿ. ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಅಂದರೆ ಪದದ ಅಕ್ಷರ ಅಂತ ಎಲ್ಲರೂ ಕಲಿತಿರುತ್ತಾರೆ. ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್ ನಮ್ಮ ಹಲಂತವನ್ನಾಗಲಿ ಕಾಗುಣಿತದ ಗುರುತುಗಳನ್ನಾಗಲಿ ಪದದ ಅಕ್ಷರ ಅಂತ ಲೆಕ್ಕ ಹಿಡಿಯುವುದಿಲ್ಲ. ‘ಕನ್ನಡ’ ಅನ್ನುವ ಪದ ಕೊಟ್ಟರೆ ‘ಕನ’ ಮತ್ತು ‘ನಡ’ ಅಂತ ಎರಡು ತುಂಡು ಮಾಡಿ ಕೊಡುತ್ತದೆ. ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವ ‘ರೆಜೆಕ್ಸ್’ ಮಾಡ್ಯೂಲ್ ಇದನ್ನು ಸರಿಯಾಗಿ ಮಾಡುತ್ತದೆ. ಕನ್ನಡದ ಸಾಲು ಹುಡುಕುವವರು ಅದನ್ನೇ ಬಳಸುವುದು ಒಳ್ಳೆಯದು. ಸಾಧ್ಯವಾದಲ್ಲೆಲ್ಲ ಹೆಸರು ಬಿಟ್ಟು ಖಾತೆ ನಂಬರ್ ಹಾಕಿ ಹುಡುಕುವುದು ಇನ್ನೂ ಒಳ್ಳೆಯದು.

ಇನ್ನು ಮುಕ್ಕಾಲು ಗಂಟೆಯ ವಿಷಯ. ಗ್ರೆಪ್ ಹಳೆಯ ಕಾಲದ್ದು, ದೊಡ್ಡ ಫೈಲಿಗೆ ಆಗುವುದಿಲ್ಲ, ಪೈಥಾನ್ ನಿಧಾನ, 6 ಜಿಬಿ ಅಂದರೆ ದೊಡ್ಡ ಸಾಫ್ಟ್‌ವೇರೇ ಬೇಕು ಅಂತೆಲ್ಲ ನಿಮಗೆ ಹೇಳಿರುತ್ತಾರೆ. ಗ್ರೆಪ್ ಹಳೆಯದು ಅನ್ನುವುದು ನಿಜ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಬರೆದದ್ದು 1970ರ ದಶಕದ ಶುರುವಿನಲ್ಲಿ. ಉಳಿದದ್ದು ನಿಮ್ಮ ವಿಷಯದಲ್ಲಿ ನಿಜವಲ್ಲ. ಲೆಕ್ಕ ಹಾಕಿ ನೋಡಿ. ಮಾಮೂಲಿ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದುತ್ತದೆ. 6 ಜಿಬಿ ಓದಲು 40 ಸೆಕೆಂಡ್ ಸಾಕು. ನಿಮ್ಮ ಪ್ರೋಗ್ರಾಂ ಏನು ಮಾಡುತ್ತಿದೆ? 60 ಕೋಡ್‌ಗಳಲ್ಲಿ ಒಂದೊಂದಕ್ಕೂ ಮೊದಲ ಫೈಲಿನಿಂದ ಮತ್ತೆ ಓದು ಶುರು ಮಾಡುತ್ತಿದೆ. 40 ಸೆಕೆಂಡ್ ಅರವತ್ತು ಸಲ ಅಂದರೆ 40 ನಿಮಿಷ. ಮೇಲಿನ ಐದು ನಿಮಿಷ ಪ್ಯಾಟರ್ನ್‌ನ ಖರ್ಚು. ಸರ್ವರ್ ಹಳೆಯದಾಯಿತು ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಲೂಪ್ ತಿರುಗಿಸಿ. ಹೊರಗಿನ ಲೂಪ್ ಸಾಲಿನದ್ದಾಗಲಿ, ಒಳಗಿನದ್ದು ಕೋಡ್‌ನದ್ದು. ಸಾಲಿನಲ್ಲಿ ಕಲೆಕ್ಟರ್ ಕೋಡ್ ಯಾವಾಗಲೂ ಒಂದೇ ಜಾಗದಲ್ಲಿ ಬರುತ್ತದೆ. ಅದನ್ನು ಕತ್ತರಿಸಿ ತೆಗೆದು, 60 ಕೋಡ್‌ಗಳ ಒಂದು ಸೆಟ್‌ನಲ್ಲಿ ಇದೆಯಾ ಅಂತ ನೋಡಿದರೆ ಒಳಗಿನ ಲೂಪ್ ಕೂಡ ಬೇಡ. ಗ್ರೆಪ್‌ನಲ್ಲೇ ಮಾಡುವುದಾದರೆ 60 ಕೋಡ್‌ಗಳನ್ನು ಸಾಲಿಗೊಂದರಂತೆ ಒಂದು ಫೈಲಿನಲ್ಲಿ ಬರೆದು, ಕ್ಯಾಪಿಟಲ್ ಎಫ್ ಮತ್ತು ಸ್ಮಾಲ್ ಎಫ್ ಆಯ್ಕೆಗಳೊಂದಿಗೆ ಆ ಫೈಲ್ ಕೊಡಿ. ಎಷ್ಟೇ ಪದ ಇದ್ದರೂ ಒಂದೇ ಓದಿನಲ್ಲಿ ಹುಡುಕಿ ಮುಗಿಸುವ ಉಪಾಯವನ್ನು ಆಲ್ಫ್ರೆಡ್ ಅಹೊ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲೇ ಪ್ರಕಟಿಸಿದ್ದಾರೆ. ಇಲ್ಲಿ ಎರಡು ಜಾಗ್ರತೆ ಬೇಕು. ಕೋಡ್‌ಗಳ ಫೈಲಿನಲ್ಲಿ ಒಂದು ಖಾಲಿ ಸಾಲು ಉಳಿದರೂ ಲಾಗ್‌ನ ಎಲ್ಲ ಸಾಲೂ ಮ್ಯಾಚ್ ಆಗುತ್ತದೆ. ಆ ಫೈಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲೋ ಎಕ್ಸೆಲ್‌ನಲ್ಲೋ ಮಾಡಿ ತಂದರೆ ಪ್ರತಿ ಕೋಡ್‌ನ ಬಾಲಕ್ಕೂ ಕಾಣದ ಒಂದು ಕ್ಯಾರೇಜ್ ರಿಟರ್ನ್, ಅಂದರೆ ವಿಂಡೋಸ್ ಸಾಲಿನ ಕೊನೆಗೆ ಹಾಕುವ ಗುರುತು ಅಂಟಿರುತ್ತದೆ, ಆಗ ಲಿನಕ್ಸ್‌ನಲ್ಲಿ ಒಂದೂ ಸಿಗುವುದಿಲ್ಲ. ‘ಡಾಸ್‌ಟುಯುನಿಕ್ಸ್’ ಅನ್ನುವ ಸಣ್ಣ ಪ್ರೋಗ್ರಾಂ ಅದನ್ನು ತೆಗೆಯುತ್ತದೆ.

ನಿಮ್ಮ ಪ್ಯಾಟರ್ನ್‌ನ ಹಿಂದೆ ಮುಂದೆ ಇರುವ ಡಾಟ್-ಸ್ಟಾರ್ ಕೂಡ ತೆಗೆಯಿರಿ. ‘ಏನಾದರೂ ಇರಲಿ, ನಡುವೆ 1047 ಇರಲಿ’ ಅಂತ ಹೇಳಲು ಹಾಕಿದ್ದೀರಿ. ಸರ್ಚ್ ಫಂಕ್ಷನ್ ಸಾಲಿನ ಎಲ್ಲಿದ್ದರೂ ಹುಡುಕುತ್ತದೆ, ಅದು ಬೇಡವೇ ಬೇಡ. ಮ್ಯಾಚ್ ಆಗದ ಉದ್ದ ಸಾಲು ಬಂದಾಗ ಪೈಥಾನ್ ಪ್ರತಿ ಅಕ್ಷರದಿಂದಲೂ ಮತ್ತೆ ಕೊನೆಯ ತನಕ ಓಡಿ ವಾಪಸ್ ಬರುತ್ತದೆ. ಸಾಲು ಎರಡು ಪಟ್ಟು ಉದ್ದವಾದರೆ ಕೆಲಸ ನಾಲ್ಕು ಪಟ್ಟಾಗುತ್ತದೆ. ಇದು ಸಣ್ಣ ವಿಷಯ ಅಂತ ತಿಳಿಯಬೇಡಿ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಕಂಪನಿಯ ಜಾಲ ಸುಮಾರು ಅರ್ಧ ಗಂಟೆ ಜಗತ್ತಿನಾದ್ಯಂತ ಕುಸಿದದ್ದು ಡಾಟ್-ಸ್ಟಾರ್ ಪದೇ ಪದೇ ಬಂದ ಒಂದೇ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ. ಪ್ಯಾಟರ್ನ್ ಬೇಕಾದಲ್ಲಿ ಬಳಸಿ. ಬರೀ 1047 ಹುಡುಕಲು ಪೈಥಾನ್‌ನ ‘ಇನ್’ ಸಾಕು.

ಇಷ್ಟು ಮಾಡಿದರೆ ಮುಕ್ಕಾಲು ಗಂಟೆಯ ಕೆಲಸ ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಇನ್ನೂ ವೇಗ ಬೇಕು ಅನ್ನುವವರಿಗೆ ರಿಪ್‌ಗ್ರೆಪ್ ಅನ್ನುವ ಹೊಸ ಪ್ರೋಗ್ರಾಂ ಇದೆ. ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ಒಂದು ಫೋಲ್ಡರ್ ತೋರಿಸಿ ಹುಡುಕು ಅಂದಾಗ ಅಡಗಿಸಿಟ್ಟ ಫೈಲ್‌ಗಳನ್ನು ಬಿಡುವುದು, ಸೊನ್ನೆ ಬೈಟ್ ಸಿಕ್ಕ ಫೈಲನ್ನು ಅಲ್ಲಿಗೇ ಕೈಬಿಡುವುದು ಅದರ ಸಹಜ ವರ್ತನೆ. ಪ್ರೋಗ್ರಾಮರ್‌ಗಳಿಗೆ ಅದು ಅನುಕೂಲ, ನಿಮ್ಮಂಥ ತನಿಖೆಗೆ ಅಪಾಯ. ಬಳಸುವುದಾದರೆ ಸ್ಮಾಲ್ ಯು ಮೂರು ಸಲ ಮತ್ತು ಸ್ಮಾಲ್ ಎ ಒಂದು ಸಲ ಕೊಟ್ಟೇ ಬಳಸಿ.

ದುಬಾರಿ ಸಾಫ್ಟ್‌ವೇರ್ ಬೇಕಾ? ನಿಮ್ಮ ಗಾತ್ರಕ್ಕೆ ಸದ್ಯ ಬೇಡ ಅಂತ ನನ್ನ ಅಭಿಪ್ರಾಯ. ಎಲಾಸ್ಟಿಕ್‌ಸರ್ಚ್‌ನಂಥವು ಲಾಗ್ ಬಂದ ಹಾಗೆ ಪದಗಳ ಸೂಚಿ ಮಾಡಿಟ್ಟುಕೊಂಡು ಕ್ಷಣದಲ್ಲಿ ಹುಡುಕಿ ಕೊಡುತ್ತವೆ. ಹತ್ತಾರು ಸರ್ವರ್ ಇರುವವರಿಗೆ ಅದು ಬೇಕೇ ಬೇಕು. ಆದರೆ ಅದಕ್ಕೆ ಒಳ್ಳೆಯ ಮೆಮೊರಿ ಇರುವ ಬೇರೆ ಮೆಷಿನ್ ಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಅದಕ್ಕಿಂತ ಮುಖ್ಯ, ಸೂಚಿಗೆ ಸೇರದ ಸಾಲು ಅಲ್ಲೂ ಸಿಗುವುದಿಲ್ಲ. ಅರ್ಧ ಅಕ್ಷರ ಬಂದು ಲಾಗ್ ಅನ್ನು ಅಲ್ಲಿಗೆ ಕಳಿಸುವ ಪ್ರೋಗ್ರಾಂ ಎಡವಿದರೆ ಚಂದದ ಸ್ಕ್ರೀನ್ ಮೇಲೂ ಸೊನ್ನೆಯೇ ಕಾಣುತ್ತದೆ, ಜನ ಅದನ್ನು ಇನ್ನೂ ಜಾಸ್ತಿ ನಂಬುತ್ತಾರೆ. ಆ ಹಣದಲ್ಲಿ ಮೊದಲು ಯುಪಿಎಸ್ ಬ್ಯಾಟರಿ ಬದಲಿಸಿ. ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿ ಶಟ್‌ಡೌನ್ ಆಗುವ ಹಾಗೆ ಕೇಬಲ್ ಜೋಡಿಸಿ. ಪ್ರತಿ ಅಪ್‌ಲೋಡ್‌ನ ಕೋಡ್, ಸಮಯ, ರಸೀದಿ ನಂಬರ್ ಮೂರನ್ನು ರಾತ್ರಿ ಒಂದು ಸಣ್ಣ ಡೇಟಾಬೇಸ್‌ಗೆ ತುಂಬುವ ಪ್ರೋಗ್ರಾಂ ನೀವೇ ಬರೆಯಬಹುದು. ಲಾಗ್ ಎಷ್ಟು ದಿನ ಇಡಬೇಕು ಅನ್ನುವುದಕ್ಕೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಉಂಟು: 180 ದಿನ, ಗಡಿಯಾರಗಳೆಲ್ಲ ಸರಿಹೊಂದಿರಬೇಕು ಅಂತಲೂ ಅದರಲ್ಲಿದೆ. ಜಾಗ ಸಾಲದು ಅಂತ ಮೂರು ತಿಂಗಳಿಗೇ ಅಳಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ.

ಎಲ್ಲ ಸರಿ ಮಾಡಿ ಹುಡುಕಿದ ಮೇಲೂ 1047 ಆ ಸಂಜೆ ಸಿಗಲೇ ಇಲ್ಲ ಅಂದುಕೊಳ್ಳಿ. ಆಗಲೂ ನೋಟಿಸ್‌ಗೆ ಅದು ಸಾಲದು. ಏಳರ ನಂತರ ಇನ್ನೊಮ್ಮೆ ಕರೆಂಟ್ ಹೋಗಿತ್ತಾ? ‘ಲಾಸ್ಟ್ ರೀಬೂಟ್’ ಕಮಾಂಡ್ ಕೊಟ್ಟರೆ ಸರ್ವರ್ ಯಾವಾಗ ಯಾವಾಗ ಶುರುವಾಯಿತು ಅಂತ ಗೊತ್ತಾಗುತ್ತದೆ. ಹೋಗಿದ್ದರೆ ಲಾಗ್‌ನ ಕೊನೆಯ ಸಾಲುಗಳು ಮೆಮೊರಿಯಲ್ಲೇ ಕಳೆದುಹೋಗಿರಬಹುದು. ಡೇಟಾಬೇಸ್ ಹಾಗಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಇವೆಲ್ಲ ಸೆಟ್ಟಿಂಗ್ ಬದಲಿಸದಿದ್ದರೆ ಡಿಸ್ಕ್‌ಗೆ ಇಳಿಸಿದ ಮೇಲೆಯೇ ‘ಆಯಿತು’ ಅನ್ನುತ್ತವೆ. ಅಪ್‌ಲೋಡ್ ಸರ್ವರ್‌ನ ಡೇಟಾಬೇಸ್‌ನಲ್ಲಿ ಲೆಡ್ಜರ್‌ಗೆ ಹೋಗಲು ಕಾದಿರುವ ಟೇಬಲ್ ಒಂದು ಇರುತ್ತದೆ. ಅಕ್ಕನ ಎಂಟ್ರಿಗಳು ಅಲ್ಲಿ ಸಿಕ್ಕಿಹಾಕಿಕೊಂಡಿವೆಯಾ ನೋಡಿ. ಹಸಿರು ಟಿಕ್ ಬಂದಿತ್ತು ಅನ್ನುವ ಮಾತು ನಿಜವಾದರೆ ಅವು ಇರಬೇಕಾದ ಜಾಗ ಅದೇ. ಗ್ರಾಹಕರಿಗೆ ಹೋದ ಎಸ್‌ಎಂಎಸ್ ಇನ್ನೊಂದು ಸಾಕ್ಷಿ. ಪಿಗ್ಮಿ ಹುಟ್ಟಿದ್ದೇ ನಿಮ್ಮ ಉಡುಪಿಯಲ್ಲಿ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ ಎರಡಾಣೆಯಿಂದ ಅದನ್ನು ಶುರು ಮಾಡಿತು. ಬಾಗಿಲಿಗೆ ಬಂದವರ ಕೈಗೆ ಜನ ಹಣ ಕೊಟ್ಟದ್ದು ನಂಬಿಕೆಯ ಮೇಲೆ. ಅಂಥ ಕೆಲಸ ಮಾಡುವವರ ಮೇಲೆ ಒಮ್ಮೆ ಅನುಮಾನದ ಮಾತು ಹರಡಿದರೆ ಊರಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಈ ಕೆಲಸವೆಲ್ಲ ಮೂಲ ಫೈಲ್ ಮೇಲೆ ಮಾಡಬೇಡಿ. ಆ ಮೂರು ದಿನದ ಲಾಗ್ ಕಾಪಿ ಮಾಡಿ, ಮೂಲಕ್ಕೂ ಕಾಪಿಗೂ ಎಸ್‌ಎಚ್‌ಎ-256 ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ ತೆಗೆದು ಬರೆದಿಡಿ. ಮುಂದೆ ಯಾರಾದರೂ ಫೈಲ್ ತಿದ್ದಿದ್ದೀರಿ ಅಂದರೆ ಉತ್ತರ ಕೈಯಲ್ಲಿರುತ್ತದೆ. ಮೂಲ ಫೈಲನ್ನು ಎಡಿಟರ್‌ನಲ್ಲಿ ತೆರೆದು ಸೇವ್ ಒತ್ತಿದರೆ ಕೆಟ್ಟ ಬೈಟ್‌ಗಳು ಬದಲಾಗಿ ಸಾಕ್ಷಿಯೇ ಹೋಗುತ್ತದೆ. ಲಾಗ್‌ನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಇರುವುದರಿಂದ ಸಾಲುಗಳನ್ನು ಆನ್‌ಲೈನ್‌ನ ಪ್ಯಾಟರ್ನ್ ಪರೀಕ್ಷಿಸುವ ತಾಣಗಳಿಗೆ, ಎಐ ಚಾಟ್‌ಗಳಿಗೆ ಹಾಕಬೇಡಿ. ನನಗೆ ಕಳಿಸಿದ ಮಾದರಿಯಲ್ಲೂ ಒಂದು ಫೋನ್ ನಂಬರ್ ಇತ್ತು, ಅಳಿಸಿದ್ದೇನೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅಕ್ಕನ ಫೋನ್‌ನಲ್ಲಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, ಕ್ಲಿಯರ್ ಡೇಟಾ ಒತ್ತಬೇಡಿ, ಹೊಸ ಫೋನ್ ಕೊಡುತ್ತೇವೆ ಅಂತ ಹಳೆಯದನ್ನು ರೀಸೆಟ್ ಮಾಡಬೇಡಿ. ಕಳಿಸಿದ ಎಂಟ್ರಿ ಮತ್ತು ಸರ್ವರ್ ಕೊಟ್ಟ ಉತ್ತರ ಎರಡನ್ನೂ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಫೋನ್‌ನಲ್ಲೇ ಕೆಲವು ಕಾಲ ಇಟ್ಟುಕೊಂಡಿರುತ್ತವೆ. ಆ್ಯಪ್ ಮಾಡಿಕೊಟ್ಟವರಿಂದ ಅದನ್ನು ತೆಗೆಸಿ. ಲಾಗ್ ಮತ್ತೆ ಹುಡುಕುವಾಗ ಅಕ್ಕನನ್ನೂ ಮ್ಯಾನೇಜರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ದಿನದ ರಸೀದಿ ನಂಬರ್‌ಗಳು ಅಕ್ಕನ ಹತ್ತಿರ ಇರುತ್ತವೆ. ಮೊದಲು ಬೇರೆ ಕಲೆಕ್ಟರ್ ಒಬ್ಬರ ಅದೇ ಸಂಜೆಯ ರಸೀದಿ ಹುಡುಕಿ ತೋರಿಸಿ, ಆಮೇಲೆ ಅಕ್ಕನ ನಂಬರ್‌ಗಳನ್ನು ಒಂದೊಂದಾಗಿ ಹಾಕಿ.